ಗೋಡೆ ಕೊಟ್ಟ ಊರು, ಬಣ್ಣ ತಂದ ಸಹೋದರ



ಕಾರವಾರದ ಕಡಲತೀರಕ್ಕೆ ರವೀಂದ್ರನಾಥ ಠಾಕೂರರ ಹೆಸರು ಏಕೆ ಬಂತೆಂಬುದು ನಿಮಗೆ ತಿಳಿದೇ ಇದೆ. ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ, 1883ರಲ್ಲಿ, 22 ವರ್ಷದ ಆ ತರುಣ ಕವಿ ಇಲ್ಲಿಗೆ ಬಂದರು. 'ಪ್ರಕೃತಿರ್ ಪ್ರತಿಶೋಧ್' ಎಂಬ ನಾಟಕವನ್ನು ಇಲ್ಲಿಯೇ ಬರೆದರು. ಮತ್ತೆ ತಮ್ಮ ನಾಡಿಗೆ ಮರಳಿದರು. ಅವರು ಅತಿಥಿಯಾಗಿದ್ದರು. ಅತಿಥಿಗೆ ಊರು ತನ್ನ ಚೆಲುವನ್ನು ತೋರಿಸಿ ಕಳುಹಿಸುತ್ತದೆ. ಆದರೆ ನೆಲೆಸಲೆಂದು ಬಂದವನ ಪಾಡೇ ಬೇರೆ. ಅವನಿಗೆ ಊಟ ಹೊಸದು, ಮಾತು ಹೊಸದು, ಮಳೆಯೂ ಹೊಸದು. ಕೈಯಲ್ಲಿರುವ ವಿದ್ಯೆಗೆ ಈ ಊರಿನಲ್ಲಿ ಬೆಲೆಯುಂಟೋ ಇಲ್ಲವೋ ಎಂಬ ಅಳುಕು ಬೇರೆ. ನಮ್ಮದೇ ಕರಾವಳಿಗೆ ಹಾಗೆ ಬಂದು, ಮತ್ತೆ ತಾಯ್ನಾಡಿನಲ್ಲಿ ನೆಲೆಸದೇ ಹೋದ ಒಬ್ಬ ಚಿತ್ರಕಾರರ ಜೀವನವನ್ನು ಈ ವಾರ ನಿಮ್ಮ ಮುಂದಿಡುತ್ತೇವೆ. ಅವರೇ ಯೇಸುಸಭೆಯ ಸಹೋದರ ಅಂತೋನಿಯೊ ಮೊಸ್ಕೇನಿ.

ಅವರು ಹುಟ್ಟಿದ್ದು 1854ರ ಜನವರಿ 17ರಂದು, ಉತ್ತರ ಇಟಲಿಯ ಬೆರ್ಗಾಮೊ ನಗರದ ಸಮೀಪದ ಸ್ತೆಜ್ಜಾನೊ ಎಂಬಲ್ಲಿ. ಚಿತ್ರಕಲೆಯಲ್ಲಿ ಆಸಕ್ತಿ ಕಂಡು ಮನೆಯವರು ಬೆರ್ಗಾಮೊದ ಕರ್ರಾರಾ ಕಲಾಶಾಲೆಗೆ ಸೇರಿಸಿದರು. ಅಲ್ಲಿ ಎನ್ರಿಕೊ ಸ್ಕೂರಿ ಅವರ ಶಿಷ್ಯತ್ವ ದೊರೆಯಿತು. ಮುಂದೆ ರೋಮಿಗೆ ಹೋಗಿ ವತಿಕಾನದ ಗೋಡೆಗಳ ಮೇಲಿನ ಮಹಾಚಿತ್ರಗಳನ್ನು ನೋಡಿ ಕಲಿತರು. ಊರಿಗೆ ಮರಳಿದ ಮೇಲೆ ದೇವಾಲಯಗಳಿಗೆ ಚಿತ್ರ ಬರೆಯುವ ಕೆಲಸ ಕೈಹಿಡಿಯಿತು, ಹೆಸರೂ ಬರತೊಡಗಿತು. ಹೀಗಿರುವಾಗ 1889ರಲ್ಲಿ, 35ರ ಪ್ರಾಯದಲ್ಲಿ, ಅವರು ಯೇಸುಸಭೆಯನ್ನು ಸೇರಿದರು. ಗುರುವಾಗಿ ಅಲ್ಲ, ಸಹೋದರನಾಗಿ. ಸಹೋದರನೆಂದರೆ ಪೀಠದ ಮೇಲೆ ನಿಂತು ಪೂಜೆ ಅರ್ಪಿಸುವವನಲ್ಲ, ತನ್ನ ಕೈಕೆಲಸದಿಂದ ಸಭೆಗೆ ಸೇವೆ ಸಲ್ಲಿಸುವವನು. ಮೇಲಿನವರು ಎಲ್ಲಿಗೆ ಕಳುಹಿಸುತ್ತಾರೋ ಅಲ್ಲಿ, ಏನು ಹೇಳುತ್ತಾರೋ ಅದು. ತನ್ನ ಕಲೆ ಇನ್ನು ತನ್ನ ಇಚ್ಛೆಯಂತೆ ನಡೆಯದು ಎಂದು ತಿಳಿದೇ ಅವರು ಹೆಜ್ಜೆ ಇಟ್ಟಿದ್ದರು.

ಇತ್ತ ಮಂಗಳೂರಿನಲ್ಲಿ, 1878ರ ಕೊನೆಯ ದಿನ ಬಂದಿಳಿದ ಯೇಸುಸಭೆಯ ಗುರುಗಳು 1880ರಲ್ಲಿ ಸಂತ ಅಲೋಶಿಯಸ್ ಕಾಲೇಜನ್ನು ಆರಂಭಿಸಿದ್ದರು. ಈಗ ವಿಶ್ವವಿದ್ಯಾಲಯವೆನಿಸಿರುವ ಆ ವಿದ್ಯಾಸಂಸ್ಥೆಯ ಪ್ರಾರ್ಥನಾಲಯ ಗುಡ್ಡದ ಮೇಲೆ ಎದ್ದು ನಿಂತಿತ್ತು. ಕಟ್ಟಡವೇನೋ ವಿಶಾಲವಾಗಿತ್ತು, ಆದರೆ ಗೋಡೆಗಳು ಬರಿದಾಗಿದ್ದವು. ಈ ಗೋಡೆಗಳಿಗಾಗಿ 1899ರಲ್ಲಿ ಸಹೋದರ ಮೊಸ್ಕೇನಿ ಬಂದರು. ಆಗ ಅವರಿಗೆ 45 ವರ್ಷ. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ಅದನ್ನು ನೋಡಲು ಅವರು ಬದುಕಿರಲಿಲ್ಲ.

ಈಗ ಅವರ ಕೆಲಸ ಎಂಥದ್ದೆಂದು ಸ್ವಲ್ಪ ಯೋಚಿಸಿರಿ. ಗೋಡೆಯ ಚಿತ್ರಗಳನ್ನು ಅವರು ಬರೆದದ್ದು ಫ್ರೆಸ್ಕೊ ವಿಧಾನದಲ್ಲಿ. ಗೋಡೆಗೆ ಸುಣ್ಣದ ಗಾರೆ ಬಳಿದು, ಅದು ಹಸಿಯಾಗಿರುವಾಗಲೇ ನೀರಿನಲ್ಲಿ ಕಲಸಿದ ಬಣ್ಣವನ್ನು ಹಚ್ಚಬೇಕು. ಗಾರೆ ಗಾಳಿಗೆ ಗಟ್ಟಿಯಾಗುತ್ತ ಬಣ್ಣವನ್ನು ತನ್ನೊಳಗೆ ಹಿಡಿದುಕೊಳ್ಳುತ್ತದೆ. ಆದುದರಿಂದ ಒಂದು ದಿನದಲ್ಲಿ ಮುಗಿಸಬಹುದಾದಷ್ಟೇ ಜಾಗಕ್ಕೆ ಗಾರೆ ಬಳಿಯುತ್ತಾರೆ. ಗಾರೆ ಒಣಗಿದ ಮೇಲೆ ಬಣ್ಣ ಹಿಡಿಯದು. ತಪ್ಪಾದರೆ ಕೆತ್ತಿ ತೆಗೆದು ಮತ್ತೆ ಮೊದಲಿನಿಂದ ಆರಂಭಿಸಬೇಕು. ಇದು ಇಟಲಿಯ ಹವೆಯಲ್ಲಿ ಬೆಳೆದ ವಿದ್ಯೆ. ನಾಲ್ಕು ತಿಂಗಳು ಬಿಡದೆ ಮಳೆ ಸುರಿಯುವ, ಉಪ್ಪುಗಾಳಿ ಬೀಸುವ ನಮ್ಮ ಕರಾವಳಿಯ ಲೆಕ್ಕವೇ ಬೇರೆ. ಆಷಾಢದಲ್ಲಿ ಬಳಿದ ಸುಣ್ಣ ಒಣಗಲು ಎಷ್ಟು ದಿನ ಹಿಡಿಯುತ್ತದೆಂದು ಕಾರವಾರ, ಅಂಕೋಲೆಯವರಾದ ನಿಮಗೆ ಹೇಳಬೇಕಾಗಿಲ್ಲ. ಕಲಿತ ವಿದ್ಯೆ ಕೈಯಲ್ಲಿದ್ದರೂ ಹೊಸ ನಾಡಿನ ಗಾಳಿ, ನೀರು, ಬಿಸಿಲಿಗೆ ಅದನ್ನು ಹೊಂದಿಸಿಕೊಳ್ಳದೆ ವಿಧಿಯಿಲ್ಲ.

ಸುಮಾರು ಎರಡು ವರ್ಷಗಳಲ್ಲಿ 800 ಚದರ ಮೀಟರಿಗೂ ಹೆಚ್ಚಿನ ಗೋಡೆ ಮತ್ತು ಮಾಳಿಗೆಯನ್ನು ಅವರು ಚಿತ್ರಗಳಿಂದ ತುಂಬಿದರು. ಮೇಲ್ಛಾವಣಿಯದು ಕ್ಯಾನ್ವಾಸಿನ ಮೇಲಿನ ತೈಲವರ್ಣ. ಅದರ ನಡುಸಾಲಿನಲ್ಲಿ ಸಂತ ಅಲೋಶಿಯಸ್ ಗೊನ್ಜಾಗರ ಜೀವನವಿದೆ. ಇಳಿಜಾರಿನಲ್ಲಿ ಪ್ರೇಷಿತರು, ಹೂಮಾಲೆ ಹಿಡಿದ ದೇವದೂತರು, ಸಂತರು ಇದ್ದಾರೆ. ಹಿಂಬದಿಯ ದೊಡ್ಡ ಗೋಡೆಯಲ್ಲಿ ಮಕ್ಕಳನ್ನು ಪ್ರೀತಿಯಿಂದ ಬಳಿಗೆ ಕರೆಯುವ ಯೇಸುಸ್ವಾಮಿ.

ಸಂತ ಅಲೋಶಿಯಸ್ ಮನೆತನದ ಪಟ್ಟವನ್ನು ತಮ್ಮನಿಗೆ ಬಿಟ್ಟುಕೊಟ್ಟು ಯೇಸುಸಭೆ ಸೇರಿದವರು. 1591ರಲ್ಲಿ ರೋಮಿನಲ್ಲಿ ಪ್ಲೇಗು ರೋಗಿಗಳ ಸೇವೆ ಮಾಡುತ್ತ ಅದೇ ರೋಗ ಅಂಟಿ, 23ರ ಪ್ರಾಯದಲ್ಲಿ ಪ್ರಾಣ ಬಿಟ್ಟವರು. ಮೊಸ್ಕೇನಿಯವರು ಮಂಗಳೂರಿನಲ್ಲಿ ಅವರ ಜೀವನವನ್ನು ಚಿತ್ರಿಸುತ್ತಿದ್ದಾಗ, 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ನಮ್ಮ ದೇಶದಲ್ಲಿ ಮನೆ ಮನೆಗಳನ್ನು ಬರಿದು ಮಾಡುತ್ತಿತ್ತು. ಅಂದು ತಲೆಯೆತ್ತಿ ಆ ಚಿತ್ರಗಳನ್ನು ನೋಡಿದವರಿಗೆ ಅದು 300 ವರ್ಷ ಹಿಂದಿನ ಪರದೇಶದ ಕಥೆಯಾಗಿ ಕಂಡಿರಲಾರದು.

ಒಂದು ಕೆಲಸ ಮುಗಿಯುತ್ತಲೇ ಇನ್ನೊಂದು ಕಾದಿತ್ತು. ಜೆಪ್ಪುವಿನ ಸಂತ ಜೋಸೆಫರ ಗುರುಮಠದ ಪ್ರಾರ್ಥನಾಲಯ, ಮುಂಬಯಿಯ ಪವಿತ್ರ ನಾಮದ ದೇವಾಲಯ, ಕೊನೆಗೆ ಕೊಚ್ಚಿಯ ಸಾಂತಾಕ್ರೂಜ್ ಪ್ರಧಾನಾಲಯ. ಕೊಚ್ಚಿಯಲ್ಲಿ ಅವರ ಜೊತೆ ದುಡಿದವರು ಮಂಗಳೂರಿನ ಶಿಷ್ಯ ಡಿ ಗಾಮಾ. ಇದು ಚಿಕ್ಕ ಸಂಗತಿಯಲ್ಲ. ಪರನಾಡಿಗೆ ಬಂದವನು ತನ್ನ ವಿದ್ಯೆಯನ್ನು ಬಚ್ಚಿಟ್ಟುಕೊಂಡರೆ ಅವನು ಕಡೆಯವರೆಗೂ ಪರದೇಶಿಯೇ. ಅದನ್ನು ಸ್ಥಳೀಯನೊಬ್ಬನ ಕೈಗೆ ದಾಟಿಸಿದ ದಿನ ಅವನು ಆ ಊರಿನವನಾಗುತ್ತಾನೆ.

1905ರ ನವೆಂಬರ್ 19ರಂದು ಕೊಚ್ಚಿಯ ಆ ದೇವಾಲಯದ ಪ್ರತಿಷ್ಠೆ ನಡೆಯಿತು. ಅದಕ್ಕೆ ಕೆಲವೇ ದಿನ ಮೊದಲು ಸಹೋದರ ಮೊಸ್ಕೇನಿ ಕೊಚ್ಚಿಯಲ್ಲಿಯೇ ಕಣ್ಮುಚ್ಚಿದರು. ವಯಸ್ಸು 51. ಭಾರತಕ್ಕೆ ಬಂದು ಕಳೆದದ್ದು ಆರೇ ವರ್ಷ. ಮಂಗಳೂರಿನ ಚಿತ್ರಗಳನ್ನು 1990ರ ದಶಕದಲ್ಲಿ ಲಖನೌದ ಇಂಟ್ಯಾಕ್ ತಜ್ಞರು ಶುದ್ಧಗೊಳಿಸಿ ಉಳಿಸಿದರು. ಇಂದಿಗೂ ಜಾತಿಮತವೆನ್ನದೆ ಜನ ಬಂದು ನೋಡುತ್ತಾರೆ.

ವಾಚಕರೇ, ನಮ್ಮ ಧರ್ಮಕೇಂದ್ರಗಳಲ್ಲಿ ಮಗನನ್ನೋ ಮಗಳನ್ನೋ ಗಲ್ಫಿಗೆ ಕಳುಹಿಸದ ಮನೆಗಳು ಎಷ್ಟಿವೆ? ಸೀಬರ್ಡ್ ನೌಕಾನೆಲೆಗಾಗಿ ಹುಟ್ಟೂರನ್ನೇ ಬಿಟ್ಟು ಕಾರವಾರ, ಅಂಕೋಲೆ ತಾಲೂಕುಗಳಲ್ಲಿ ಹೊಸದಾಗಿ ಒಲೆ ಹೂಡಿದವರೂ ನಮ್ಮ ನಡುವೆ ಇದ್ದಾರೆ. ದೂರದಲ್ಲಿರುವ ಮಗನಿಗೆ ಫೋನ್ ಮಾಡಿದಾಗ ಸಂಬಳ ಬಂತೇ, ಊಟ ಆಯಿತೇ ಎಂದು ಕೇಳುತ್ತೇವೆ. ಅಲ್ಲಿ ಹಾಡುತ್ತೀಯಾ, ಪಿಟೀಲು ಮುಟ್ಟುತ್ತೀಯಾ ಎಂದು ಕೇಳುವುದು ಅಪರೂಪ. ಬಳಸದೆ ಬಿಟ್ಟ ವಿದ್ಯೆ ಮನುಷ್ಯನನ್ನು ಒಳಗೊಳಗೇ ಒಂಟಿಯಾಗಿಸುತ್ತದೆ.

ಇನ್ನೊಂದು ಮಾತು. ಮೊಸ್ಕೇನಿಯವರಲ್ಲಿ ಕಲೆಯಿತ್ತು, ನಿಜ. ಆದರೆ ಗೋಡೆ ಕೊಟ್ಟವರು ಬೇರೆಯವರು. ನಿಮ್ಮ ಇಗರ್ಜಿಗೆ ಹೊಸದಾಗಿ ಬಂದು ಹಿಂದಿನ ಬೆಂಚಿನಲ್ಲಿ ಕೂರುವ ಕುಟುಂಬಕ್ಕೆ ಏನು ಬರುತ್ತದೆಂದು ಒಮ್ಮೆ ಕೇಳಿ ನೋಡಿರಿ. ಗಾಯನವೃಂದದಲ್ಲಿ ಒಂದು ಜಾಗ, ಕ್ರಿಸ್ಮಸ್ ಗೋದಲಿ ಕಟ್ಟುವ ಹೊಣೆ, ಹಬ್ಬದ ಅಲಂಕಾರದ ಒಂದು ಪಾಲು ಅವರಿಗೆ ಕೊಡಿರಿ. ಅವರಿಗೂ ಒಂದು ಗೋಡೆ ಬೇಕು.