ಹಣ್ಣು ತಿಂದವನು ಕ್ರೌಲಿ, ಸಿಪ್ಪೆ ತಿಂದವರು ಯಾರು?

1967ರಲ್ಲಿ ಬಂದ ಬೀಟಲ್ಸ್ ತಂಡದ ಸಾರ್ಜೆಂಟ್ ಪೆಪ್ಪರ್ಸ್ ಆಲ್ಬಮ್ಮಿನ ಮುಖಪುಟವನ್ನು ನೀವು ಎಲ್ಲಾದರೂ ನೋಡಿರುತ್ತೀರಿ. ಅದರ ಮೇಲಿನ ಸಾಲಿನ ಎಡತುದಿಯಲ್ಲಿ ಶ್ರೀ ಯುಕ್ತೇಶ್ವರ ಗಿರಿ ಇದ್ದಾರೆ. ಅವರ ಪಕ್ಕದಲ್ಲೇ ಬೋಳುತಲೆಯ, ದುರುಗುಟ್ಟಿ ನೋಡುವ ಒಬ್ಬ ಇಂಗ್ಲಿಷ್ ಮನುಷ್ಯ. ಹೆಸರು ಅಲಿಸ್ಟರ್ ಕ್ರೌಲಿ. ಆ ಹೊತ್ತಿಗೆ ಅವನು ಸತ್ತು 20 ವರ್ಷ ಆಗಿತ್ತು. ಬದುಕಿದ್ದಾಗ ಬ್ರಿಟನ್ನಿನ ಪತ್ರಿಕೆಗಳು ಅವನನ್ನು ಜಗತ್ತಿನ ಅತಿ ದುಷ್ಟ ಮನುಷ್ಯ ಅಂತ ಬರೆದವು. ಸತ್ತ ಮೇಲೆ ಅವನು ಬಂಡಾಯದ ಐಕಾನ್ ಆದ.

ನನಗೆ ಈ ಎರಡು ಚಿತ್ರಗಳೂ ಸೋಮಾರಿತನದವು ಅನ್ನಿಸುತ್ತವೆ. ದೆವ್ವ ಅಂದುಬಿಟ್ಟರೆ ಯೋಚನೆ ಮಾಡುವ ಕೆಲಸ ಮುಗಿಯಿತು. ಹೀರೋ ಅಂದರೂ ಅಷ್ಟೇ. ಇವತ್ತು ಆನ್‌ಲೈನಿನಲ್ಲಿ ಕಬ್ಬಾಲಾದ ಕತ್ತಲೆಯ ಮುಖ, ಕ್ಲಿಪೋತ್ ಸಾಧನೆ ಅಂತೆಲ್ಲ ಕೋರ್ಸುಗಳು ಸಿಗುತ್ತವೆ. ಅವುಗಳ ಬೇರು ಹುಡುಕುತ್ತಾ ಹೋದರೆ ಬಹಳಷ್ಟು ಸಲ ಈ ಮನುಷ್ಯನ ಮನೆಬಾಗಿಲಿಗೇ ಬಂದು ನಿಲ್ಲುತ್ತೇವೆ. ಹಾಗಾಗಿ ಅವನ ಬದುಕನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಮೊದಲು ಕಬ್ಬಾಲಾ ಅಂದರೇನು ಅಂತ ತಿಳಿಯಬೇಕು. ಅದು ಯಹೂದಿಗಳ ಅನುಭಾವಿ ಪರಂಪರೆ. ಅದರ ಮುಖ್ಯ ಗ್ರಂಥ ಜೋಹರ್ 13ನೇ ಶತಮಾನದ ಕೊನೆಗೆ ಸ್ಪೇನಿನ ಕ್ಯಾಸ್ಟೀಲಿನಲ್ಲಿ ಕಾಣಿಸಿಕೊಂಡಿತು. ದೇವರ ಬೆಳಕು 10 ಸೆಫಿರೋತ್‌ಗಳ ಮೂಲಕ ಲೋಕಕ್ಕೆ ಇಳಿಯುತ್ತದೆ ಅನ್ನುವುದು ಅದರ ಚೌಕಟ್ಟು. 1492ರಲ್ಲಿ ಸ್ಪೇನ್ ತನ್ನ ಯಹೂದಿಗಳನ್ನು ದೇಶದಿಂದಲೇ ಓಡಿಸಿತು. ಹಾಗೆ ಚದುರಿದ ಸಮುದಾಯದ ಕೆಲವರು ಗಲಿಲಿಯ ಸಫೇದ್ ಅನ್ನುವ ಬೆಟ್ಟದ ಊರಿಗೆ ಬಂದು ನೆಲೆಸಿದರು. ಅಲ್ಲಿ ಐಸಾಕ್ ಲೂರಿಯಾ ಒಂದು ಹೊಸ ಕಥೆ ಹೇಳಿದ. ಸೃಷ್ಟಿಯ ಶುರುವಿನಲ್ಲಿ ದೈವೀ ಬೆಳಕನ್ನು ತಡೆಯಲಾಗದೆ ಪಾತ್ರೆಗಳು ಒಡೆದವು, ಬೆಳಕಿನ ಕಿಡಿಗಳು ಕೆಳಗೆ ಬಿದ್ದು ಕ್ಲಿಪೋತ್‌ಗಳ ಒಳಗೆ ಸಿಕ್ಕಿಕೊಂಡವು ಅಂತ.

ಕ್ಲಿಪಾ ಅಂದರೆ ಹೀಬ್ರೂ ಭಾಷೆಯಲ್ಲಿ ಸಿಪ್ಪೆ. ಕ್ಲಿಪೋತ್ ಅದರ ಬಹುವಚನ. ಕೆಡುಕಿಗೆ ಸ್ವಂತ ಜೀವ ಇಲ್ಲ, ಒಳಗೆ ಸಿಕ್ಕಿರುವ ಕಿಡಿಯನ್ನು ಹೀರಿಕೊಂಡೇ ಅದು ಬದುಕುತ್ತದೆ ಅನ್ನುವ ಆಳವಾದ ಮಾತು ಇದು. ಪ್ರಾರ್ಥನೆ, ನೇಮ, ದಿನದಿನದ ಒಳ್ಳೆಯ ಕೆಲಸಗಳಿಂದ ಆ ಕಿಡಿಗಳನ್ನು ಬಿಡಿಸಿ ಮೇಲೆತ್ತುವುದು ಮನುಷ್ಯರ ಜವಾಬ್ದಾರಿ. ಇದಕ್ಕೆ ತಿಕ್ಕೂನ್, ಅಂದರೆ ದುರಸ್ತಿ, ಅಂತ ಹೆಸರು. ಮನೆಮಠ ಕಳೆದುಕೊಂಡವರ ಪಾಲಿಗೆ ಇದು ಪ್ರಾಣ ಹಿಡಿದುಕೊಳ್ಳುವ ತತ್ವ. ಅಲ್ಲಿ ಸಿಪ್ಪೆ ಅನ್ನುವುದು ಪ್ರವಾಸ ಹೋಗಿ ನೋಡಿ ಬರುವ ಜಾಗ ಆಗಿರಲಿಲ್ಲ.

ಇದು ಲಂಡನ್ನಿಗೆ ಬಂದದ್ದು ಹೇಗೆ? ಕ್ರಿಶ್ಚಿಯನ್ ವಿದ್ವಾಂಸ ಕ್ನೋರ್ ಫಾನ್ ರೋಸೆನ್‌ರೋತ್ 1677ರಿಂದ 1684ರ ನಡುವೆ ಜೋಹರ್‌ನ ಭಾಗಗಳನ್ನು ಲ್ಯಾಟಿನ್ನಿಗೆ ತಂದ. 1887ರಲ್ಲಿ ಮ್ಯಾಕ್‌ಗ್ರೆಗರ್ ಮ್ಯಾಥರ್ಸ್ ಆ ಲ್ಯಾಟಿನ್ನಿನಿಂದ ಕೆಲವನ್ನು ಇಂಗ್ಲಿಷಿಗೆ ತಂದ. ಮರುವರ್ಷ ಅವನೂ ಇನ್ನಿಬ್ಬರು ಫ್ರೀಮೇಸನ್ನರೂ ಸೇರಿ ಗೋಲ್ಡನ್ ಡಾನ್ ಅನ್ನುವ ಗುಪ್ತ ಸಂಘ ಕಟ್ಟಿದರು. ಕವಿ ಯೇಟ್ಸ್ ಕೂಡ ಅದರ ಸದಸ್ಯ. ಈ ದಾರಿಯಲ್ಲಿ ಕಬ್ಬಾಲಾದ ನಕ್ಷೆ ಬಂತು, ಅದನ್ನು ಬದುಕುತ್ತಿದ್ದ ಜನ ಬರಲಿಲ್ಲ. ಸಮುದಾಯ, ನೇಮ, ದುರಸ್ತಿಯ ಹೊಣೆ, ಎಲ್ಲವೂ ಹಿಂದೆಯೇ ಉಳಿದವು.

ಕ್ರೌಲಿ 1898ರ ನವೆಂಬರಿನಲ್ಲಿ ಆ ಸಂಘ ಸೇರಿದ. ಅವನು ಹುಟ್ಟಿದ್ದು 1875ರಲ್ಲಿ, ಇಂಗ್ಲೆಂಡಿನ ಲೆಮಿಂಗ್ಟನ್ ಸ್ಪಾದಲ್ಲಿ. ಮನೆತನದ ದುಡ್ಡು ಬಿಯರ್ ವ್ಯಾಪಾರದ್ದು, ಧರ್ಮ ಮಾತ್ರ ಪ್ಲಿಮತ್ ಬ್ರದರನ್ ಪಂಥದ ಕಟ್ಟುನಿಟ್ಟಿನದು. 11ನೇ ವಯಸ್ಸಿಗೆ ಅಪ್ಪ ಕ್ಯಾನ್ಸರಿನಿಂದ ತೀರಿಕೊಂಡ. ತುಂಟತನ ಮಾಡಿದಾಗ ಅಮ್ಮ ಅವನನ್ನು ಬೈಬಲ್ಲಿನ ಕೊನೆಯ ಪುಸ್ತಕದ ಮೃಗಕ್ಕೆ ಹೋಲಿಸುತ್ತಿದ್ದಳು. ಹುಡುಗ ಆ ಬೈಗುಳವನ್ನೇ ಬಿರುದು ಮಾಡಿಕೊಂಡು ಬದುಕಿಡೀ ಹೊತ್ತು ತಿರುಗಿದ. ಕೇಂಬ್ರಿಜ್ ಸೇರಿದ್ದು 1895ರಲ್ಲಿ. ಸಲಿಂಗಪ್ರೇಮಕ್ಕಾಗಿ ಆಸ್ಕರ್ ವೈಲ್ಡ್ ಜೈಲಿಗೆ ಹೋದದ್ದೂ ಅದೇ ವರ್ಷ. ಗಂಡಸರನ್ನೂ ಹೆಂಗಸರನ್ನೂ ಪ್ರೀತಿಸುತ್ತಿದ್ದ ಕ್ರೌಲಿಗೆ ಆ ಸಮಾಜದ ಮೇಲೆ ಸಿಟ್ಟಿತ್ತು. ಆ ಸಿಟ್ಟು ಸುಳ್ಳಲ್ಲ, ಅದನ್ನು ನಾನು ಗೌರವಿಸುತ್ತೇನೆ. ಅವನು ಒಳ್ಳೆಯ ಪರ್ವತಾರೋಹಿಯೂ ಹೌದು. 1902ರಲ್ಲಿ ಕೆ2 ಶಿಖರ ಹತ್ತಲು ನಡೆದ ಮೊದಲ ಗಂಭೀರ ಪ್ರಯತ್ನದಲ್ಲಿ ಅವನಿದ್ದ.

ಆದರೆ ಸಿಟ್ಟು ಯಾರ ಮೇಲೆ ಇಳಿಯಿತು ಅನ್ನುವುದು ಬೇರೆಯೇ ಪ್ರಶ್ನೆ. 1905ರಲ್ಲಿ ಕಾಂಚನಜುಂಗಾ ಏರುವ ತಂಡಕ್ಕೆ ಅವನೇ ನಾಯಕ. ಜಗಳವಾಗಿ ಕೆಲವರು ಸಂಜೆ ಹೊತ್ತಿನಲ್ಲಿ ಕೆಳಗಿಳಿಯಲು ಹೊರಟರು. ದಾರಿಯಲ್ಲಿ ಹಿಮ ಕುಸಿಯಿತು. ಅಲೆಕ್ಸಿಸ್ ಪಾಷ್ ಅನ್ನುವ ಸ್ವಿಸ್ ಯುವಕ, ಜೊತೆಗೆ ಮೂವರು ಕೂಲಿಗಳು ಸತ್ತರು. ಕೆಳಗಿನಿಂದ ಕೂಗು ಕೇಳುತ್ತಿದ್ದರೂ ಕ್ರೌಲಿ ಡೇರೆ ಬಿಟ್ಟು ಹೊರಗೆ ಬರಲಿಲ್ಲ. ಆಮೇಲೆ ಅಲಹಾಬಾದಿನ ಪಯೋನೀರ್ ಪತ್ರಿಕೆಗೆ ಕಾಗದ ಬರೆದು, ಇಂಥ ಅಪಘಾತಗಳ ಬಗ್ಗೆ ತನಗೆ ಮರುಕವೇ ಇಲ್ಲ ಅನ್ನುವ ಅರ್ಥದಲ್ಲಿ ಸಮರ್ಥಿಸಿಕೊಂಡ.

ಇದಕ್ಕೂ ಒಂದು ವರ್ಷ ಮುಂಚೆ, 1904ರ ಏಪ್ರಿಲಿನಲ್ಲಿ, ಕೈರೋದಲ್ಲಿ ಐವಾಸ್ ಅನ್ನುವ ಅಶರೀರ ಶಕ್ತಿ ತನಗೆ ಮೂರು ದಿನ ಒಂದು ಗ್ರಂಥ ಹೇಳಿ ಬರೆಸಿತು ಅಂತ ಅವನು ಘೋಷಿಸಿಕೊಂಡಿದ್ದ. ಪ್ರತಿಯೊಬ್ಬರೂ ತಮ್ಮ ನಿಜವಾದ ಇಚ್ಛೆಯನ್ನು ಕಂಡುಕೊಂಡು ಅದರಂತೆ ನಡೆಯುವುದೇ ಧರ್ಮ ಅನ್ನುವುದು ಅದರ ಸಾರ. ಕೇಳಲು ಚೆನ್ನಾಗಿದೆ. ಅದೇ ವರ್ಷ ಮಗಳು ಹುಟ್ಟಿದಳು. ದೇವತೆಗಳ ಹೆಸರು ಪೋಣಿಸಿದ ಉದ್ದನೆಯ ಹೆಸರಿನ ಕೊನೆಗೆ ಲಿಲಿತ್ ಅಂತ ಸೇರಿಸಿದ. ಯಹೂದಿ ಜನಪದದಲ್ಲಿ ಲಿಲಿತ್ ಅಂದರೆ ಹಸುಗೂಸುಗಳನ್ನು ಒಯ್ಯುವ ಪಿಶಾಚಿ. ಅವಳಿಂದ ಮಗುವನ್ನು ಕಾಪಾಡಲೆಂದೇ ಬಾಣಂತಿಯ ಕೋಣೆಯಲ್ಲಿ ತಾಯಿತ ಕಟ್ಟುತ್ತಿದ್ದರು. ಒಂದು ಸಮುದಾಯದ ತಾಯಂದಿರ ದಿಗಿಲು ಅವನಿಗೆ ಚಂದದ ಪದ ಆಗಿ ಕಂಡಿತು. 1906ರಲ್ಲಿ ಆ ಮಗು ರಂಗೂನಿನಲ್ಲಿ ಟೈಫಾಯ್ಡಿನಿಂದ ತೀರಿಕೊಂಡಿತು. ಆಗ ಅವನು ಹೆಂಡತಿ ಮಗುವನ್ನು ಬಿಟ್ಟು ಬೇರೆ ದಾರಿಯಲ್ಲಿ ಪ್ರಯಾಣ ಮಾಡುತ್ತಿದ್ದ. ತಪ್ಪನ್ನೆಲ್ಲ ಹೆಂಡತಿ ರೋಸ್ ತಲೆಗೆ ಕಟ್ಟಿದ. 1909ರಲ್ಲಿ ವಿಚ್ಛೇದನ ಆಯಿತು. ಕುಡಿತಕ್ಕೆ ಬಿದ್ದ ರೋಸ್ 1911ರಲ್ಲಿ ಮಾನಸಿಕ ಆಸ್ಪತ್ರೆ ಸೇರಿದಳು.

1909ರಲ್ಲೇ ಅವನ 777 ಪುಸ್ತಕ ಬಂತು. ಇಂಜಿನಿಯರಿಂಗ್ ಓದಿದ ನನಗೆ ಅದನ್ನು ತೆರೆದ ಕೂಡಲೇ ಕಂಡದ್ದು ಒಂದು ಲುಕಪ್ ಟೇಬಲ್. 10 ಸೆಫಿರೋತ್, ಹೀಬ್ರೂವಿನ 22 ಅಕ್ಷರಗಳು, ಒಟ್ಟು 32 ಸಾಲು. ಅದರ ಮುಂದೆ ಕಾಲಂ ಮೇಲೆ ಕಾಲಂ. ಈಜಿಪ್ಟಿನ ದೇವರು, ಹಿಂದೂ ದೇವರು, ಬೌದ್ಧ ಧ್ಯಾನ, ಗಿಡ, ಕಲ್ಲು, ಸುಗಂಧ. ಡೇಟಾಬೇಸ್ ಆಗಿ ಅದು ಅಚ್ಚುಕಟ್ಟು. ತೊಂದರೆ ಇರುವುದು ಅಲ್ಲೇ. ಕಾಲಂನಲ್ಲಿ ತುಂಬಿದ ಮೇಲೆ ಯಾವ ದೇವರಿಗೂ ಊರಿಲ್ಲ, ಭಕ್ತರಿಲ್ಲ, ಚರಿತ್ರೆಯಿಲ್ಲ. ಹೆಸರು ತೆಗೆದುಕೋ, ಬಳಸು, ಮುಂದಕ್ಕೆ ಹೋಗು ಅಷ್ಟೇ.

ಅದೇ ವರ್ಷದ ನವೆಂಬರಿನಲ್ಲಿ ಅವನು ಶಿಷ್ಯ ವಿಕ್ಟರ್ ನ್ಯೂಬರ್ಗ್ ಜೊತೆ ಅಲ್ಜೀರಿಯಾದ ಮರುಭೂಮಿಗೆ ಹೋದ. ನ್ಯೂಬರ್ಗ್ ಕವಿ, ಯಹೂದಿ. ಕಬ್ಬಾಲಾದ ಮರದಲ್ಲಿ ಮೇಲಿನ ಮೂರು ಸೆಫಿರೋತ್‌ಗೂ ಕೆಳಗಿನವಕ್ಕೂ ನಡುವೆ ಒಂದು ಪಾತಾಳವಿದೆ, ಅದನ್ನು ದಾಟಬೇಕಾದರೆ ಅಹಂಕಾರ ಪೂರ್ತಿ ಕರಗಬೇಕು ಅಂತ ಕ್ರೌಲಿಯ ವ್ಯವಸ್ಥೆ. ಅಲ್ಲಿ ಕಾವಲಿಗೆ ಕೊರೊಂಜಾನ್ ಅನ್ನುವ ಪಿಶಾಚಿ. ತಮಾಷೆ ಅಂದರೆ ಈ ಕೊರೊಂಜಾನ್ ಕಬ್ಬಾಲಾದ್ದೇ ಅಲ್ಲ, 16ನೇ ಶತಮಾನದ ಇಂಗ್ಲಿಷ್ ವಿದ್ವಾಂಸ ಜಾನ್ ಡೀಯ ಬರಹದಿಂದ ತಂದು ಕಸಿ ಮಾಡಿದ್ದು. ಪಾರಿವಾಳಗಳನ್ನು ಬಲಿಕೊಟ್ಟು, ಪಿಶಾಚಿಗೆಂದು ಬರೆದ ತ್ರಿಕೋನದೊಳಗೆ ಕ್ರೌಲಿ ತಾನೇ ಕೂತ. ರಕ್ಷಣೆಯ ವೃತ್ತದೊಳಗೆ ನ್ಯೂಬರ್ಗ್ ಚೂರಿ, ಟಿಪ್ಪಣಿ ಪುಸ್ತಕ ಹಿಡಿದು ಕೂತ. ಆಮೇಲೆ ತಾನು ಪಾತಾಳ ದಾಟಿದೆ ಅಂತ ಕ್ರೌಲಿ ಹೇಳಿಕೊಂಡ. ಅಹಂಕಾರ ಕರಗಿದ್ದಕ್ಕೆ ಅವನ ಮುಂದಿನ 38 ವರ್ಷಗಳಲ್ಲಿ ನನಗಂತೂ ಸಾಕ್ಷಿ ಸಿಗಲಿಲ್ಲ. ಅದೇ ವರ್ಷದ ಬೇಸಿಗೆಯಲ್ಲಿ ಸ್ಕಾಟ್ಲೆಂಡಿನ ಮನೆಯಲ್ಲಿ ನಡೆದ ಸಾಧನೆಯ ಹೊತ್ತಿಗೆ ಇದೇ ಶಿಷ್ಯನನ್ನು ಅವನು ಯಹೂದಿ ಅಂತ ಹೀಯಾಳಿಸಿದ್ದು ನ್ಯೂಬರ್ಗನ ದಿನಚರಿಯಲ್ಲೇ ಇದೆ.

ಇದು ಗುರುಶಿಷ್ಯರ ಖಾಸಗಿ ವಿಷಯ ಅಂತ ಬಿಡೋಣ ಅಂದರೆ 1912 ಅಡ್ಡ ಬರುತ್ತದೆ. ಆ ವರ್ಷ ಅವನು ಹೀಬ್ರೂ ಪದಗಳನ್ನು ಅಂಕಿಗಳ ಪ್ರಕಾರ ಜೋಡಿಸಿದ ಸೇಫರ್ ಸೆಫಿರೋತ್ ಎಂಬ ನಿಘಂಟನ್ನು ಪ್ರಕಟಿಸಿದ. ಅದರ ಮುನ್ನುಡಿಯಲ್ಲಿ ಪೂರ್ವ ಯುರೋಪಿನ ಯಹೂದಿಗಳು ಈಗಲೂ ನರಬಲಿ ಕೊಡುತ್ತಾರೆ ಅನ್ನುವ ಹಳೆಯ ವಿಷವನ್ನು ನಿಜವೆಂಬಂತೆ ಬರೆದ. ಅದೇ ಹೊತ್ತಿಗೆ ಕೀವ್ ನಗರದಲ್ಲಿ ಮೆಂಡೆಲ್ ಬೈಲಿಸ್ ಅನ್ನುವ ಯಹೂದಿ ನೌಕರ ಇದೇ ಸುಳ್ಳು ಆರೋಪದ ಮೇಲೆ ಜೈಲಿನಲ್ಲಿದ್ದ. 1911ರಲ್ಲಿ ಹಿಡಿದುಹಾಕಿದವನನ್ನು ನ್ಯಾಯಾಲಯ ಬಿಡುಗಡೆ ಮಾಡಿದ್ದು 1913ರಲ್ಲಿ. ಯಾರ ಅಕ್ಷರ ಕದ್ದು ತನ್ನ ಗೋಪುರ ಕಟ್ಟಿದನೋ ಅದೇ ಜನರ ಮೇಲೆ ಕೊಲೆಯ ಆರೋಪ. ಒಂದು ಸಮುದಾಯದ ಜ್ಞಾನ ಬೇಕು, ಸಮುದಾಯ ಬೇಡ. ಈ ಗುಣ ನಮಗೂ ಹೊಸದೇನಲ್ಲ. ಹಾಡು ಬೇಕು, ಹಾಡುವವರು ಹೊಸ್ತಿಲಾಚೆ ಇರಬೇಕು ಅನ್ನುವವರ ನಡುವೆಯೇ ನಾವು ಬೆಳೆದಿದ್ದೇವೆ.

1920ರಲ್ಲಿ ಅವನು ಸಿಸಿಲಿಯ ಚೆಫಾಲೂದಲ್ಲಿ ಒಂದು ಹಳೆಯ ಮನೆ ಹಿಡಿದು ಆಶ್ರಮ ಮಾಡಿದ. ಸಂಗಾತಿ ಲೇಯಾ ಹಿರ್ಸಿಗ್ ಹೆತ್ತ ಮಗಳು ವರ್ಷ ತುಂಬುವ ಮೊದಲೇ ಆ ಅಕ್ಟೋಬರಿನಲ್ಲಿ ತೀರಿಕೊಂಡಿತು. 1923ರ ಫೆಬ್ರವರಿಯಲ್ಲಿ ಆಕ್ಸ್‌ಫರ್ಡಿನಲ್ಲಿ ಓದಿ ಬಂದ ರೌಲ್ ಲವ್‌ಡೇ ಅನ್ನುವ ಶಿಷ್ಯ ಸತ್ತ. ಅವನ ಹೆಂಡತಿ ಲಂಡನ್ನಿಗೆ ಮರಳಿ ಪತ್ರಿಕೆಗಳಿಗೆ ಬೆಕ್ಕಿನ ರಕ್ತ ಕುಡಿಸಿದ ಕಥೆ ಹೇಳಿದಳು. ವೈದ್ಯರು ಕಂಡದ್ದು ಕರುಳಿನ ಸೋಂಕು. ಕೊಳಕು ನೀರು ಕುಡಿದದ್ದೇ ಕಾರಣ ಇರಬೇಕು ಅನ್ನುವುದು ಬಹುಮಂದಿಯ ಅಭಿಪ್ರಾಯ. ಪತ್ರಿಕೋದ್ಯಮದಲ್ಲಿ ಇರುವುದರಿಂದ ಹೇಳುತ್ತೇನೆ, ರಕ್ತದ ಕಥೆ ಓಡುತ್ತೆ, ನೀರಿನ ಕಥೆ ಓಡಲ್ಲ. ಹೀಗಾಗಿ ಕ್ರೌಲಿ ದೆವ್ವ ಆದ, ಅದು ಅವನಿಗೂ ಇಷ್ಟವೇ. ನೈರ್ಮಲ್ಯವಿಲ್ಲದ ಮನೆ, ಹೇರಳ ಡ್ರಗ್ಸ್, ಇಲ್ಲ ಅನ್ನಲು ಬಾರದ ಶಿಷ್ಯರು, ಈ ಸಾಧಾರಣ ಅಪರಾಧಗಳನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಏಪ್ರಿಲಿನಲ್ಲಿ ಮುಸೊಲಿನಿ ಸರ್ಕಾರ ಅವನನ್ನು ಇಟಲಿಯಿಂದ ಹೊರಹಾಕಿತು.

ಉಳಿದದ್ದು ಇಳಿಜಾರು. ಅಪ್ಪನ ದುಡ್ಡು ಎಂದೋ ಖಾಲಿಯಾಗಿತ್ತು. ಆಸ್ತಮಾಕ್ಕೆ ಅಂತ ವೈದ್ಯರು ಕೊಟ್ಟ ಹೆರಾಯಿನ್ ಚಟವಾಗಿ ಅಂಟಿತ್ತು. 1934ರಲ್ಲಿ ಮಾನನಷ್ಟ ಮೊಕದ್ದಮೆ ಹೂಡಿ ಸೋತ, ಮರುವರ್ಷ ದಿವಾಳಿ. 1947ರ ಡಿಸೆಂಬರ್ 1ರಂದು ಹೇಸ್ಟಿಂಗ್ಸ್ ಊರಿನ ಬಾಡಿಗೆ ಕೋಣೆಯಲ್ಲಿ 72ನೇ ವಯಸ್ಸಿನಲ್ಲಿ ತೀರಿಕೊಂಡ. ಕೊನೆಗಾಲದಲ್ಲಿ ಅವನ ಕಾರ್ಯದರ್ಶಿಯಾಗಿದ್ದ ಕೆನೆತ್ ಗ್ರಾಂಟ್ 1977ರಲ್ಲಿ ಕಬ್ಬಾಲಾ ಮರದ ಹಿಂಬದಿಯ ಕತ್ತಲೆಗೇ ಒಂದು ಪೂರ್ತಿ ಪುಸ್ತಕ ಬರೆದ. ಇವತ್ತಿನ ಕ್ಲಿಪೋತ್ ಮಾರುಕಟ್ಟೆಗೆ ಸರಕು ಹೋದ ದಾರಿಗಳಲ್ಲಿ ಇದೂ ಒಂದು.

ಹಣ್ಣು ತಿಂದವನು ನುಣುಚಿಕೊಂಡ, ಸಿಪ್ಪೆ ತಿಂದವನು ಸಿಕ್ಕಿಕೊಂಡ ಅಂತ ನಮ್ಮಲ್ಲಿ ಗಾದೆ. ಕ್ರೌಲಿಯ ಬಂಡಾಯದ ಬಿಲ್ ಕಟ್ಟಿದವರು ಮೂವರು ಕೂಲಿಗಳು, ರೋಸ್, ಲೇಯಾ, ಲವ್‌ಡೇ. ನಮ್ಮ ಕತ್ತಲೆಯನ್ನು ನಾವು ನೋಡಿಕೊಳ್ಳಲೇಬೇಕು, ಅದರಲ್ಲಿ ತಪ್ಪಿಲ್ಲ. ಆದರೆ ಲೂರಿಯಾನ ಕಥೆಯಲ್ಲಿ ಕತ್ತಲೆಗೆ ಇಳಿಯುವುದು ಸಿಕ್ಕಿಕೊಂಡದ್ದನ್ನು ಬಿಡಿಸುವುದಕ್ಕೆ, ಕ್ರೌಲಿಯ ಕಥೆಯಲ್ಲಿ ತಾನು ದೊಡ್ಡವನಾಗುವುದಕ್ಕೆ. ಯಾವ ಗುರು, ಯಾವ ನಾಯಕ ಬಂದರೂ ನಾನು ಕೇಳಬೇಕಾದ್ದು ಅವನು ಎಷ್ಟು ಪಿಶಾಚಿಗಳನ್ನು ಗೆದ್ದ ಅಂತಲ್ಲ, ಅವನ ಮನೆಯಲ್ಲಿ ಕುಡಿಯುವ ನೀರು ಹೇಗಿದೆ, ಕೂಗಿದರೆ ಡೇರೆಯಿಂದ ಹೊರಗೆ ಬರುತ್ತಾನಾ ಅಂತ.

ನ್ಯೂಬರ್ಗ್ 1914ರಲ್ಲಿ ಗುರುವನ್ನು ಬಿಟ್ಟುಬಂದ. ಚೇತರಿಸಿಕೊಳ್ಳಲು ವರ್ಷಗಳೇ ಹಿಡಿದವು. ಆಮೇಲೆ ಲಂಡನ್ನಿನ ಒಂದು ಭಾನುವಾರದ ಪತ್ರಿಕೆಯಲ್ಲಿ ಕವಿತೆಯ ಅಂಕಣ ನೋಡಿಕೊಳ್ಳುತ್ತಾ, 1933ರಲ್ಲಿ ವೇಲ್ಸಿನ 18 ವರ್ಷದ ಹುಡುಗನೊಬ್ಬನ ಪದ್ಯ ಆರಿಸಿದ. ಮರುವರ್ಷ ಆ ಹುಡುಗನ ಮೊದಲ ಪುಸ್ತಕ ಬರಲು ಹೆಗಲು ಕೊಟ್ಟ. ಹುಡುಗನ ಹೆಸರು ಡೈಲನ್ ಥಾಮಸ್. ಕಿಡಿ ಎತ್ತುವುದು ಅಂದರೆ ಹೆಚ್ಚುಕಮ್ಮಿ ಇಂಥದ್ದೇ ಕೆಲಸ.