ಸುಳ್ಳು ಹಿಡಿಯುವ ಯಂತ್ರ ಮತ್ತು ಜಾನ್ ಲಾರ್ಸನ್

ಬಾಯಾರು, ಪೈವಳಿಕೆ ಕಡೆಯ ಹಿರಿಯರಿಗೆ ಆಣೆ ಪ್ರಮಾಣದ ಮಾತು ಹೊಸತಲ್ಲ. ತೋಟದ ಅಡಿಕೆಯೋ ಮನೆಯ ಚಿನ್ನವೋ ಕಳವಾದರೆ ದೈವದ ಮುಂದೆ ಪ್ರಮಾಣಕ್ಕೆ ಕರೆಯುವುದುಂಟು. ಕಾನತ್ತೂರಿನ ಹೆಸರೆತ್ತಿದರೆ ಸಾಕು, ತಪ್ಪು ಮಾಡಿದವನ ಎದೆ ಹೊಡೆದುಕೊಳ್ಳುತ್ತದೆ ಎನ್ನುವವರಿದ್ದಾರೆ. ಹೀಗೆ ಹೊಡೆದುಕೊಳ್ಳುವ ಎದೆಯನ್ನು ಯಂತ್ರದಿಂದ ಅಳೆಯಲು ಹೊರಟವರಲ್ಲಿ ಮುಖ್ಯರಾದವರು ಅಮೆರಿಕದ ಜಾನ್ ಅಗಸ್ಟಸ್ ಲಾರ್ಸನ್.

ಲಾರ್ಸನ್ 1892ರಲ್ಲಿ ಕೆನಡಾದ ನೋವಾ ಸ್ಕೋಷಿಯಾದಲ್ಲಿ ಜನಿಸಿದರು. ಬೋಸ್ಟನ್ನಿನಲ್ಲಿ ಬೆರಳಚ್ಚಿನ ಕುರಿತು ಪ್ರಬಂಧ ಬರೆದು, 1920ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದಿಂದ ಶರೀರಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದರು. ಇಷ್ಟು ಓದಿದವರು ಸೇರಿದ್ದು ಬರ್ಕ್‌ಲಿ ನಗರದ ಪೋಲೀಸು ಪಡೆಗೆ! ಅಲ್ಲಿನ ಮುಖ್ಯಸ್ಥ ಆಗಸ್ಟ್ ವೋಲ್ಮರ್ ಅವರಿಗೆ ಹೊಡೆದು ಬಡಿದು ತಪ್ಪೊಪ್ಪಿಸುವ ಕ್ರಮ ಹಿಡಿಸುತ್ತಿರಲಿಲ್ಲ. ಲಾಠಿಗೆ ಬದಲಾಗಿ ವಿಜ್ಞಾನ ಬರಲಿ ಎಂಬುದು ಗುರು ಶಿಷ್ಯರಿಬ್ಬರ ಆಸೆ.

ಸುಳ್ಳಾಡುವಾಗ ರಕ್ತದೊತ್ತಡ ಏರುತ್ತದೆ ಎಂದು ವಿಲಿಯಂ ಮಾರ್ಸ್‌ಟನ್ ಎಂಬವರು ಅದಾಗಲೇ ಬರೆದಿದ್ದರು. ಆದರೆ ಅವರು ಒತ್ತಡವನ್ನು ಬಿಟ್ಟು ಬಿಟ್ಟು ಅಳೆಯುತ್ತಿದ್ದರು. ಲಾರ್ಸನ್ 1921ರಲ್ಲಿ ರಕ್ತದೊತ್ತಡ, ನಾಡಿ ಮತ್ತು ಉಸಿರಾಟಗಳನ್ನು ಎಡೆಬಿಡದೆ, ಮಸಿ ಹಿಡಿಸಿದ ಕಾಗದದ ಮೇಲೆ ಗೆರೆಗಳಾಗಿ ಬರೆಯುವ ಯಂತ್ರವನ್ನು ನಿರ್ಮಿಸಿದರು.

ಅದೇ ವರ್ಷ ವಿದ್ಯಾರ್ಥಿನಿಯರ ವಸತಿಗೃಹವೊಂದರಲ್ಲಿ ಹಣ, ಉಂಗುರ ಕಳವಾದವು. ಲಾರ್ಸನ್ ಹುಡುಗಿಯರನ್ನು ಒಬ್ಬೊಬ್ಬರಾಗಿ ಯಂತ್ರಕ್ಕೆ ಕೂರಿಸಿದರು. ಒಬ್ಬಳು ಪ್ರಶ್ನೆಗಳ ನಡುವೆಯೇ ಸಿಟ್ಟಿನಿಂದೆದ್ದು ಹೊರನಡೆದಳು, ಆಮೇಲೆ ತಪ್ಪೊಪ್ಪಿಕೊಂಡಳು. ಪತ್ರಿಕೆಗಳಲ್ಲಿ ಯಂತ್ರದ ಗುಣಗಾನವಾಯಿತು. ಉಂಗುರ ಕಳಕೊಂಡಿದ್ದ ಹುಡುಗಿ ಮಾರ್ಗರೆಟ್ ಟೇಲರ್ ಮರುವರ್ಷ ಲಾರ್ಸನ್ನರ ಕೈಹಿಡಿದಳು.

ಆದರೆ ಪರೀಕ್ಷೆಗಳು ಹೆಚ್ಚಿದಂತೆ ಲಾರ್ಸನ್ನರಿಗೆ ಸಂಶಯ ಬಲಿಯಿತು. ಯಂತ್ರಕ್ಕೆ ಸುಳ್ಳು ತಿಳಿಯದು. ತಿಳಿಯುವುದು ದೇಹದ ತಳಮಳ ಮಾತ್ರ. ಹೆದರಿದ ನಿರಪರಾಧಿಯ ನಾಡಿಯೂ ಏರುತ್ತದೆ, ಅವಮಾನಗೊಂಡವನದೂ ಏರುತ್ತದೆ. ಪಳಗಿದ ಕಳ್ಳನ ಗೆರೆ ಅಲುಗದೆಯೂ ಇರಬಹುದು. ಹಿಂದೆ ಶಂಕಿತನಿಗೆ ಒಣ ಅಕ್ಕಿ ಜಗಿಯಲು ಕೊಟ್ಟು, ಬಾಯಿ ಒಣಗಿದ್ದರೆ ಕಳ್ಳನೆನ್ನುತ್ತಿದ್ದರಂತೆ. ಅದರ ದೋಷವೇ ಇದರಲ್ಲೂ ಇದೆ. ಸುಳ್ಳಿಗೆಂದೇ ಮೀಸಲಾದ ಗುರುತು ಶರೀರದಲ್ಲಿ ಈವರೆಗೆ ಸಿಕ್ಕಿಲ್ಲ. 1923ರಲ್ಲಿ ವಾಷಿಂಗ್ಟನ್ನಿನ ನ್ಯಾಯಾಲಯವು ಮಾರ್ಸ್‌ಟನ್ನರ ಪರೀಕ್ಷೆಯನ್ನು ಸಾಕ್ಷ್ಯವಾಗಿ ಒಪ್ಪಲಿಲ್ಲ.

ಲಾರ್ಸನ್ನರ ಕೈಕೆಳಗೆ ಕಲಿತ ಲಿಯೊನಾರ್ಡ್ ಕೀಲರ್ ಯಂತ್ರವನ್ನು ಪೆಟ್ಟಿಗೆಗಿಳಿಸಿ ವ್ಯಾಪಾರಕ್ಕಿಟ್ಟರು. ಪೋಲೀಸರಿಗೆ ಅದು ಬೆದರಿಸುವ ಹೊಸ ಲಾಠಿಯಾಯಿತು. ಲಾರ್ಸನ್ನರನ್ನು ನೋಯಿಸಿದ್ದು ಇದೇ. ಅವರು ವೈದ್ಯಶಾಸ್ತ್ರ ಓದಿ ಮನೋವೈದ್ಯರಾದರು, 1932ರಲ್ಲಿ ಸುಳ್ಳಿನ ಪತ್ತೆಯ ಬಗ್ಗೆ ದೊಡ್ಡ ಗ್ರಂಥ ಬರೆದರು, ತಾನು ಹುಟ್ಟಿಸಿದ್ದು ಭೂತವಾಗಿ ಬೆಳೆಯಿತೆಂದು ಕೊನೆಗಾಲದಲ್ಲಿ ಪಶ್ಚಾತ್ತಾಪಪಟ್ಟರು. 1965ರಲ್ಲಿ ತೀರಿಕೊಂಡರು.

ಅವರ ಸಂಶಯ ಸುಳ್ಳಾಗಲಿಲ್ಲ. ರಷ್ಯಕ್ಕೆ ಗುಟ್ಟು ಮಾರುತ್ತಿದ್ದ ಅಮೆರಿಕದ ಗೂಢಚಾರ ಆಲ್ಡ್ರಿಚ್ ಏಮ್ಸ್ 1986 ಮತ್ತು 1991ರ ಎರಡು ಪರೀಕ್ಷೆಗಳಲ್ಲೂ ಪಾರಾಗಿ 1994ರಲ್ಲಷ್ಟೇ ಸೆರೆಯಾದ. ಈ ಪರೀಕ್ಷೆಯ ವೈಜ್ಞಾನಿಕ ತಳಹದಿ ದುರ್ಬಲ, ಬರೇ ಊಹೆಗಿಂತ ಮೇಲಾದರೂ ನಿಖರತೆಗೆ ಬಹು ದೂರ ಎಂದು ಅಲ್ಲಿನ ರಾಷ್ಟ್ರೀಯ ಸಂಶೋಧನಾ ಮಂಡಳಿ 2003ರಲ್ಲಿ ವರದಿ ಕೊಟ್ಟಿತು.

ನಮ್ಮಲ್ಲಿ ಇದು ಇತ್ಯರ್ಥವಾದದ್ದು ಕರ್ನಾಟಕದಿಂದ ಹೋದ ಸೆಲ್ವಿ ಮೊಕದ್ದಮೆಯಲ್ಲಿ. 2010ರ ಮೇ 5ರಂದು ಮುಖ್ಯ ನ್ಯಾಯಾಧೀಶ, ಕೇರಳದವರೇ ಆದ ಕೆ.ಜಿ. ಬಾಲಕೃಷ್ಣನ್ ಅವರ ಪೀಠವು ಸುಳ್ಳುಪತ್ತೆ, ಮಂಪರು ಮತ್ತು ಮಿದುಳು ಪರೀಕ್ಷೆಗಳನ್ನು ಯಾರ ಮೇಲೂ ಬಲವಂತವಾಗಿ ಮಾಡಕೂಡದೆಂದು ತೀರ್ಪಿತ್ತಿತು. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಬೇಕಾಗಿಲ್ಲವೆಂಬ ಸಂವಿಧಾನದ 20(3)ನೇ ವಿಧಿಯೇ ಅದಕ್ಕೆ ಆಧಾರ. ಶಂಕಿತನು ಒಪ್ಪುವುದಾದರೆ ಮ್ಯಾಜಿಸ್ಟ್ರೇಟರ ಮುಂದೆ ಒಪ್ಪಿಗೆ ದಾಖಲಾಗಬೇಕು, ವಕೀಲರ ನೆರವಿಗೆ ಅವಕಾಶವಿರಬೇಕು. ಹಾಗೆ ಒಪ್ಪಿ ಕುಳಿತರೂ ಯಂತ್ರದ ಫಲಿತಾಂಶವೊಂದೇ ನ್ಯಾಯಾಲಯದಲ್ಲಿ ಸಾಕ್ಷ್ಯವೆನಿಸದು.