ತೆರೆದ ಬಾಗಿಲು: ಡಾ|| ಮುತ್ತುಲಕ್ಷ್ಮಿ ರೆಡ್ಡಿಯವರ ಜೀವನಚರಿತ್ರೆ

ಒಂದು ಮನೆಯ ಏಳಿಗೆಯನ್ನು ಅರಿಯಬೇಕಾದರೆ ಕಣಜವನ್ನು ನೋಡುವುದಕ್ಕೆ ಮೊದಲು ತೊಟ್ಟಿಲಲ್ಲಿರುವ ಕೂಸನ್ನೂ ಅದನ್ನು ತೂಗುವ ತಾಯಿಯನ್ನೂ ನೋಡಬೇಕು. ಮನೆಗೆ ಸಲ್ಲುವ ಈ ಮಾತು ದೇಶಕ್ಕೂ ಸಲ್ಲುತ್ತದೆ. ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ವಿಶಾಲವಾದ ನಮ್ಮ ಭಾರತ ದೇಶದಲ್ಲಿ ತಾಯಿಮಕ್ಕಳ ಸ್ಥಿತಿಯು ಶೋಚನೀಯವಾಗಿತ್ತು. ಆಡುವ ವಯಸ್ಸಿನಲ್ಲಿ ವಿವಾಹ, ಬೆಳೆಯುವ ವಯಸ್ಸಿನಲ್ಲಿ ಪ್ರಸವ, ವೈದ್ಯರ ನೆರವಿಲ್ಲದೆ ಅಕಾಲಮರಣ, ಇದೇ ಅನೇಕ ಬಾಲೆಯರ ಬಾಳಾಗಿತ್ತು. 1921ನೆಯ ಇಸವಿಯ ಜನಗಣತಿಯ ಕಾಲಕ್ಕೆ ನೂರು ಮಂದಿ ಸ್ತ್ರೀಯರಲ್ಲಿ ಓದುಬರಹ ಬಲ್ಲವರು ಸುಮಾರು ಇಬ್ಬರು ಮಾತ್ರ. ಇದರ ಮೇಲೆ, ದೇವರ ಹೆಸರಿನಲ್ಲಿ ಎಳೆಯ ಹೆಣ್ಣುಮಕ್ಕಳಿಗೆ ತಾಳಿ ಕಟ್ಟಿ ಅವರಿಗೆ ಗೃಹಸ್ಥಾಶ್ರಮದ ದಾರಿಯನ್ನೇ ಮುಚ್ಚಿಬಿಡುವ ದೇವದಾಸಿ ಪದ್ಧತಿಯು ದಕ್ಷಿಣದ ಅನೇಕ ಸೀಮೆಗಳಲ್ಲಿ ಬೇರೂರಿತ್ತು. ಈ ದುಃಸ್ಥಿತಿಯನ್ನು ಕಂಡು ಮರುಗಿದವರು ಹಲವರಿದ್ದರು. ಮರುಕವನ್ನು ಶಾಸನವಾಗಿ, ಆಶ್ರಯವಾಗಿ, ಆಸ್ಪತ್ರೆಯಾಗಿ ಮಾಡಿ ತೋರಿಸಿದವರು ಕೆಲವರೇ. ಆ ಕೆಲವರಲ್ಲಿ ಡಾ|| ಮುತ್ತುಲಕ್ಷ್ಮಿ ರೆಡ್ಡಿಯವರು ಅಗ್ರಗಣ್ಯರು.

ಮುತ್ತುಲಕ್ಷ್ಮಿಯವರು 1886ನೆಯ ಇಸವಿ ಜುಲೈ 30ರಂದು ತಮಿಳುನಾಡಿನ ಪುದುಕೋಟೆ ಸಂಸ್ಥಾನದಲ್ಲಿ ಜನಿಸಿದರು. ತಂದೆ ನಾರಾಯಣಸ್ವಾಮಿ ಅಯ್ಯರ್ ಅವರು ಅಲ್ಲಿಯ ಮಹಾರಾಜಾ ಕಾಲೇಜಿನ ಪ್ರಾಂಶುಪಾಲರು. ತಾಯಿ ಚಂದ್ರಮ್ಮಾಳ್ ಅವರು ದೇವದಾಸಿ ಮನೆತನದಲ್ಲಿ ಹುಟ್ಟಿದವರು. ಈ ವಿವಾಹದ ಕಾರಣದಿಂದ ತಂದೆಯನ್ನು ಅವರ ಬಂಧುವರ್ಗವು ದೂರವಿಟ್ಟಿತು. ಹೀಗೆ ಜಾತಿಯ ಬೇಲಿಯನ್ನೂ ದೇವದಾಸಿ ಕುಲದ ಹೆಣ್ಣುಮಕ್ಕಳ ಅಳಲನ್ನೂ ಮುತ್ತುಲಕ್ಷ್ಮಿಯವರು ಗ್ರಂಥಗಳಿಂದ ಕಲಿಯಬೇಕಾಗಿರಲಿಲ್ಲ, ತೊಟ್ಟಿಲಿನಿಂದಲೇ ಬಲ್ಲವರಾಗಿದ್ದರು.

ಬಾಲಿಕೆಗೆ ಓದಿನಲ್ಲಿ ಅಪಾರ ಆಸಕ್ತಿ. ಮನೆಯಲ್ಲಿಯೇ ಅಭ್ಯಾಸ ಮಾಡಿ ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಉತ್ತೀರ್ಣರಾದ ಮೇಲೆ ಕಾಲೇಜಿನ ಪ್ರಶ್ನೆ ಬಂದಿತು. ಮಹಾರಾಜಾ ಕಾಲೇಜಿನಲ್ಲಿ ಅದುವರೆಗೆ ಹುಡುಗರಲ್ಲದೆ ಹುಡುಗಿಯೊಬ್ಬಳು ಕುಳಿತದ್ದಿಲ್ಲ. ಹೆಣ್ಣೊಬ್ಬಳು ಬಂದರೆ ತಮ್ಮ ಮಕ್ಕಳ ನಡತೆ ಕೆಟ್ಟೀತೆಂದು ಕೆಲವರು ಆಕ್ಷೇಪಿಸಿದರು. ಆದರೆ ಪುದುಕೋಟೆಯ ರಾಜರು ಆಕ್ಷೇಪಣೆಗಳಿಗೆ ಕಿವಿಗೊಡದೆ ಪ್ರವೇಶಕ್ಕೆ ಅಪ್ಪಣೆ ಕೊಟ್ಟರು. ಆ ಕಾಲೇಜಿನ ಪ್ರಥಮ ವಿದ್ಯಾರ್ಥಿನಿಯಾಗಿ ವ್ಯಾಸಂಗ ಮುಗಿಸಿ, ಅವರು 1907ರಲ್ಲಿ ಮದರಾಸಿನ ವೈದ್ಯಕೀಯ ಕಾಲೇಜನ್ನು ಸೇರಿದರು. 1912ರಲ್ಲಿ ಪದವಿಯೂ ಪದಕಗಳೂ ಅವರಿಗೆ ಲಭಿಸಿದವು. ಬಳಿಕ ಮದರಾಸಿನ ಸರ್ಕಾರಿ ಹೆರಿಗೆ ಆಸ್ಪತ್ರೆಯಲ್ಲಿ ಸೇವೆಗೆ ನಿಂತರು. ಗಂಡಸರಾದ ವೈದ್ಯರಿಗೆ ಮೈ ತೋರಿಸಲು ನಾಚಿ ಬೇನೆಯನ್ನು ನುಂಗಿಕೊಳ್ಳುತ್ತಿದ್ದ ಸ್ತ್ರೀಯರಿಗೆ ಸ್ತ್ರೀವೈದ್ಯೆಯೊಬ್ಬರು ದೊರೆತುದು ಅಂದು ಸಾಮಾನ್ಯ ಸಂಗತಿಯಾಗಿರಲಿಲ್ಲ.

1914ರಲ್ಲಿ ಅವರು ಡಾ|| ಸುಂದರ ರೆಡ್ಡಿಯವರನ್ನು ವಿವಾಹವಾದರು. ತಮ್ಮನ್ನು ಸಮಾನಳೆಂದು ಗೌರವಿಸಬೇಕು, ತಮ್ಮ ಕಾರ್ಯಕ್ಕೆ ಅಡ್ಡಿ ಬರಬಾರದು ಎಂಬ ನಿಬಂಧನೆಯನ್ನು ಮೊದಲೇ ಮುಂದಿಟ್ಟು, ವರನು ಒಪ್ಪಿದ ಮೇಲೆಯೇ ಅವರು ಕೈಹಿಡಿದರು. ಸುಂದರ ರೆಡ್ಡಿಯವರು ಕೊಟ್ಟ ಮಾತಿಗೆ ತಪ್ಪಲಿಲ್ಲ. ಪತಿಪತ್ನಿಯರಿಬ್ಬರೂ ವೈದ್ಯರಾಗಿ, ಇಬ್ಬರು ಗಂಡುಮಕ್ಕಳ ತಂದೆತಾಯಿಗಳಾಗಿ, ಸಂಸಾರಕ್ಕೂ ಲೋಕಸೇವೆಗೂ ವಿರೋಧವಿಲ್ಲವೆಂಬುದನ್ನು ನಡೆದು ತೋರಿಸಿದರು.

ಆದರೆ ಆ ಸುಖಸಂಸಾರಕ್ಕೂ ಒಂದು ಶೋಕ ಕಾದಿತ್ತು. ಅವರ ಪ್ರಿಯ ತಂಗಿ ಸುಂದರಾಂಬಾಳ್ ಅವರು ರೋಗಪೀಡಿತರಾದರು. ಮೊದಲು ಅದನ್ನು ಆಮಶಂಕೆಯೆಂದೇ ಭಾವಿಸಿ ಚಿಕಿತ್ಸೆ ನಡೆಯಿತು. ಅದು ಕರುಳಿನ ಕ್ಯಾನ್ಸರ್ ಎಂದು ತಿಳಿಯುವ ಹೊತ್ತಿಗೆ ಕಾಲ ಮಿಂಚಿತ್ತು. 1923ರಲ್ಲಿ ತಂಗಿಯು ಅಕ್ಕನ ಕಣ್ಣಮುಂದೆಯೇ ತೀರಿಕೊಂಡರು. ತಾನು ವೈದ್ಯೆಯಾಗಿದ್ದೂ ಒಡಹುಟ್ಟಿದವಳನ್ನು ಉಳಿಸಿಕೊಳ್ಳಲಾರದೆ ಹೋದ ಆ ಸಂಕಟವು ಅವರ ಹೃದಯದಲ್ಲಿ ಕೆಂಡದಂತೆ ಉಳಿಯಿತು. ಅದರ ಫಲವು ಮೂವತ್ತು ವರ್ಷಗಳ ನಂತರ ಕಾಣಿಸಿಕೊಳ್ಳಬೇಕಾಗಿತ್ತು.

1925ರಲ್ಲಿ ಉನ್ನತ ವ್ಯಾಸಂಗಕ್ಕಾಗಿ ಅವರು ಇಂಗ್ಲೆಂಡಿಗೆ ತೆರಳಿದರು. ಅಲ್ಲಿಂದ ಹಿಂದಿರುಗುತ್ತಲೇ ಬೇರೊಂದು ಕರೆ ಬಂದಿತು. 1917ರಲ್ಲಿ ಅಡೆಯಾರಿನಲ್ಲಿ ಸ್ಥಾಪಿತವಾಗಿದ್ದ ಭಾರತೀಯ ಮಹಿಳಾ ಸಂಘವು ಶಾಸನಸಭೆಗೆ ಮಹಿಳೆಯೊಬ್ಬರು ಹೋಗಬೇಕೆಂದು ಒತ್ತಾಯಿಸಿ ಅವರ ಹೆಸರನ್ನು ಸೂಚಿಸಿತು. ರೋಗಿಗಳ ಹಾಸಿಗೆಯ ಬಳಿ ಕುಳಿತು ಮಾಡುವ ಸೇವೆಯನ್ನು ಬಿಟ್ಟು ವಾದವಿವಾದಗಳ ಸಭೆಗೆ ಹೋಗಲು ಅವರಿಗೆ ಮೊದಲು ಮನಸ್ಸಿರಲಿಲ್ಲ. ಆದರೆ ತಾವು ಆಸ್ಪತ್ರೆಯಲ್ಲಿ ಕಾಣುತ್ತಿದ್ದ ರೋಗಗಳಲ್ಲಿ ಅನೇಕವು ಔಷಧಿಯಿಂದ ನೀಗುವಂತಹವಲ್ಲ. ಅವುಗಳ ಮೂಲವು ಬಾಲ್ಯವಿವಾಹದಲ್ಲಿ, ಅಜ್ಞಾನದಲ್ಲಿ, ದಾರಿದ್ರ್ಯದಲ್ಲಿ, ದುಷ್ಟ ರೂಢಿಗಳಲ್ಲಿ ಇದೆಯೆಂಬುದನ್ನು ಅವರು ಬಲ್ಲವರಾಗಿದ್ದರು. ಆದ್ದರಿಂದ ಒಪ್ಪಿಕೊಂಡು ಮದರಾಸಿನ ಶಾಸನಸಭೆಯ ಪ್ರಥಮ ಮಹಿಳಾ ಸದಸ್ಯರಾದರು. ಸಭೆಯು 1927ರಲ್ಲಿ ಅವರನ್ನು ಸರ್ವಾನುಮತದಿಂದ ಉಪಾಧ್ಯಕ್ಷರನ್ನಾಗಿ ಆರಿಸಿತು.

ಆ ಪೀಠವನ್ನು ಅವರು ಅಲಂಕಾರವೆಂದು ತಿಳಿಯಲಿಲ್ಲ. ಶಾಲೆಯ ಮಕ್ಕಳಿಗೆ ವೈದ್ಯಪರೀಕ್ಷೆ ನಡೆಯಬೇಕು, ಬಡ ಬಾಲಿಕೆಯರಿಗೆ ಶುಲ್ಕವಿಲ್ಲದ ವಿದ್ಯೆ ದೊರೆಯಬೇಕು, ತಾಯಂದಿರಿಗೂ ಶಿಶುಗಳಿಗೂ ಯೋಗ್ಯ ಆಸ್ಪತ್ರೆಗಳಿರಬೇಕು ಎಂದು ಪದೇಪದೇ ವಾದಿಸಿದರು. ವಿವಾಹದ ವಯಸ್ಸನ್ನು ಏರಿಸಬೇಕೆಂಬ ಚಳವಳಿಗೆ ವೈದ್ಯೆಯ ಅನುಭವದ ಬಲವನ್ನು ಕೊಟ್ಟರು. 1929ರಲ್ಲಿ ಕೇಂದ್ರ ಶಾಸನಸಭೆಯಲ್ಲಿ ಶಾರದಾ ಕಾಯಿದೆಯು ಅಂಗೀಕೃತವಾಗಿ ವಧುವಿಗೆ 14, ವರನಿಗೆ 18 ವರ್ಷಗಳ ಮಿತಿ ಏರ್ಪಟ್ಟಿತು. ಇಂದಿನ ದೃಷ್ಟಿಗೆ ಅದು ಅಲ್ಪವೆನಿಸಬಹುದು. ಎಂಟು ಹತ್ತು ವರ್ಷದ ಬಾಲೆಯರ ಕೊರಳಿಗೆ ತಾಳಿ ಬೀಳುತ್ತಿದ್ದ ಕಾಲಕ್ಕೆ ಅದೇ ದೊಡ್ಡ ಹೆಜ್ಜೆಯಾಗಿತ್ತು.

ಅವರ ಹೆಸರನ್ನು ಚಿರಸ್ಥಾಯಿಯಾಗಿಸಿದ್ದು ದೇವದಾಸಿ ಪದ್ಧತಿಯ ವಿರುದ್ಧ ಅವರು ನಡೆಸಿದ ಹೋರಾಟ. ಈ ಪದ್ಧತಿಯ ಬೇರು ಭಕ್ತಿಯಲ್ಲಿ ಮಾತ್ರ ಇರಲಿಲ್ಲ, ಭೂಮಿಯಲ್ಲಿಯೂ ಇತ್ತು. ದೇವಾಲಯದ ಸೇವೆಗಾಗಿ ದೇವದಾಸಿಯರಿಗೆ ಇನಾಂ ಭೂಮಿ ಇರುತ್ತಿತ್ತು. ಸೇವೆ ನಿಂತರೆ ಭೂಮಿ ಹೋಗುತ್ತಿತ್ತು. ಆದಕಾರಣ ಮುಪ್ಪು ಬಂದ ದೇವದಾಸಿಯು ಹೊಟ್ಟೆಯ ಪಾಡಿಗಾಗಿ ಮಗಳನ್ನೋ ಸಾಕುಮಗಳನ್ನೋ ಸೇವೆಗೆ ಒಪ್ಪಿಸಬೇಕಾಗುತ್ತಿತ್ತು. ಮುತ್ತುಲಕ್ಷ್ಮಿಯವರು ಮೊದಲು ಈ ಕಟ್ಟನ್ನೇ ಬಿಡಿಸಿದರು. ಅವರ ಪ್ರಯತ್ನದ ಫಲವಾಗಿ 1929ರಲ್ಲಿ ಹಿಂದೂ ಧರ್ಮಾದಾಯ ಶಾಸನಕ್ಕೆ ತಿದ್ದುಪಡಿಯಾಗಿ, ಸೇವೆಯ ಬಂಧನವಿಲ್ಲದೆಯೇ ಭೂಮಿಯು ಆ ಸ್ತ್ರೀಯರ ಕೈಯಲ್ಲಿ ಉಳಿಯುವಂತಾಯಿತು. ಬಾಲೆಯನ್ನು ಬಿಡಿಸುವುದಕ್ಕೆ ಮೊದಲು ಅವಳ ತಾಯಿಯ ಅನ್ನವನ್ನು ಭದ್ರಪಡಿಸಿದ ಈ ವಿವೇಕವು ಸ್ಮರಣೀಯವಾದುದು.

ಮುಂದಿನ ಹೆಜ್ಜೆಯು ಅರ್ಪಣೆಯನ್ನೇ ನಿಷೇಧಿಸುವುದಾಗಿತ್ತು. ಅದಕ್ಕೆ ಪ್ರಬಲ ವಿರೋಧ ಬಂದಿತು. ಧರ್ಮಕ್ಕೆ ಕೈಹಾಕಬಾರದೆಂದು ಕೆಲವರು, ಸಂಗೀತ ನೃತ್ಯಗಳು ನಾಶವಾದಾವೆಂದು ಕೆಲವರು ವಾದಿಸಿದರು. ದೇವದಾಸಿ ಸಮಾಜದಲ್ಲಿಯೂ ಒಮ್ಮತವಿರಲಿಲ್ಲ. ನಂಜನಗೂಡಿನಲ್ಲಿ ಜನಿಸಿ, ತಿರುವೈಯಾರಿನಲ್ಲಿ ಶ್ರೀ ತ್ಯಾಗರಾಜರ ಸಮಾಧಿಮಂದಿರವನ್ನು ಕಟ್ಟಿಸಿದ ಮಹಾಗಾಯಕಿ ಬೆಂಗಳೂರು ನಾಗರತ್ನಮ್ಮನವರಂತಹ ಕಲಾವಿದೆಯರು, ಕೆಲವರ ಪತನದ ಕಳಂಕವನ್ನು ಇಡೀ ಕುಲದ ಮೇಲೆ ಹೊರಿಸುವುದು ಅನ್ಯಾಯವೆಂದು ಪ್ರತಿಭಟಿಸಿದರು. ಆ ಮಾತಿನಲ್ಲಿಯೂ ನೋವಿತ್ತು, ಸತ್ಯಾಂಶವಿತ್ತು. ಕಲೆಯನ್ನು ಕಾಪಾಡಿದ ಕುಲಕ್ಕೆ ಈ ಸುಧಾರಣೆಯ ದಿನಗಳಲ್ಲಿ ಸಲ್ಲಬೇಕಾದ ಗೌರವವು ಪೂರ್ಣವಾಗಿ ಸಲ್ಲಲಿಲ್ಲವೆಂಬುದನ್ನು ಮರೆಮಾಚಬಾರದು. ಆದರೆ ಮುತ್ತುಲಕ್ಷ್ಮಿಯವರ ದೃಷ್ಟಿಯೆಲ್ಲ ಮಗುವಿನ ಮೇಲಿತ್ತು. ಬುದ್ಧಿ ತಿಳಿಯದ ಕೂಸಿಗೆ ಸಮ್ಮತಿಯೆಂಬುದು ಎಲ್ಲಿಯದು? ಅವಳ ಇಡೀ ಬಾಳನ್ನು ಅವಳು ಅರಿಯುವ ಮುನ್ನವೇ ಪರರು ಒತ್ತೆಯಿಡಬಹುದೆ? ಈ ಪ್ರಶ್ನೆಗೆ ವಿರೋಧಿಗಳಲ್ಲಿ ಉತ್ತರವಿರಲಿಲ್ಲ. ನೆರೆಯ ಮೈಸೂರು ಸಂಸ್ಥಾನವು 1909ರಲ್ಲಿಯೇ ಮುಜರಾಯಿ ದೇವಾಲಯಗಳಲ್ಲಿ ಈ ಪದ್ಧತಿಯನ್ನು ನಿಲ್ಲಿಸಿದ್ದುದು ಅವರ ವಾದಕ್ಕೆ ನಿದರ್ಶನವಾಗಿ ಒದಗಿತು.

ಮಸೂದೆಯು ಸಭೆಯ ಮುಂದಿದ್ದಾಗಲೇ 1930ರ ಉಪ್ಪಿನ ಸತ್ಯಾಗ್ರಹ ಬಂದಿತು. ಮಹಾತ್ಮಾ ಗಾಂಧೀಜಿಯವರ ಬಂಧನವನ್ನು ಪ್ರತಿಭಟಿಸಿ ಮುತ್ತುಲಕ್ಷ್ಮಿಯವರು ಶಾಸನಸಭೆಗೆ ರಾಜೀನಾಮೆ ಕೊಟ್ಟರು. ತಮ್ಮ ಜೀವನದ ಪ್ರಿಯತಮ ಕಾರ್ಯವು ಅರ್ಧದಲ್ಲಿ ನಿಂತೀತೆಂಬ ಅರಿವು ಅವರಿಗಿತ್ತು. ನಿಂತದ್ದೂ ನಿಜವೇ. ಮದರಾಸು ಪ್ರಾಂತದಲ್ಲಿ ಅರ್ಪಣೆಯನ್ನು ನಿಷೇಧಿಸುವ ಶಾಸನವು ಹುಟ್ಟಿದ್ದು 1947ರಲ್ಲಿ. ಅಂದು ಆ ಪ್ರಾಂತಕ್ಕೆ ಸೇರಿದ್ದ ಬಳ್ಳಾರಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳ ಬಾಲೆಯರಿಗೂ ಅದರ ರಕ್ಷಣೆ ದೊರೆಯಿತು.

ಆ ಹದಿನೇಳು ವರ್ಷ ಅವರು ಸುಮ್ಮನೆ ಕಾಯುತ್ತ ಕುಳಿತವರಲ್ಲ. 1930ರಲ್ಲಿ, ದೇವದಾಸಿ ಕುಟುಂಬಗಳ ಬಂಧನದಿಂದ ತಪ್ಪಿಸಿಕೊಂಡು ಬಂದ ಎಳೆಯ ಹೆಣ್ಣುಮಕ್ಕಳು ಆಶ್ರಯ ಬೇಡಿ ಅವರ ಮನೆಯ ಬಾಗಿಲನ್ನು ತಟ್ಟಿದರು. ಊರಿನ ವಿದ್ಯಾರ್ಥಿನಿಲಯಗಳಲ್ಲಿ ಆ ಹುಡುಗಿಯರಿಗೆ ಎಡೆ ದೊರೆಯಲಿಲ್ಲ. ಅವರ ಹುಟ್ಟನ್ನು ಕೇಳಿದವರು ಬಾಗಿಲು ಮುಚ್ಚಿಕೊಂಡರು. ಶಾಸನದಿಂದ ಒಂದು ಬಾಗಿಲನ್ನು ಮುಚ್ಚಿದರೆ ಸಾಲದು, ಮತ್ತೊಂದು ಬಾಗಿಲನ್ನು ತೆರೆದಿಡಬೇಕು ಎಂಬುದು ಅಂದು ಅವರಿಗೆ ಹೊಳೆದ ಸತ್ಯ. ಆ ಮಕ್ಕಳನ್ನು ತಮ್ಮ ಮನೆಯಲ್ಲಿಯೇ ಇರಿಸಿಕೊಂಡರು. ಆ ಗೃಹವೇ ಬೆಳೆದು ಅವ್ವೈ ಇಲ್ಲಂ ಎಂಬ ಆಶ್ರಮವಾಯಿತು. ತಮಿಳಿನ ಪ್ರಾಚೀನ ಕವಯಿತ್ರಿ ಅವ್ವೈಯಾರರ ಹೆಸರನ್ನು ಅದಕ್ಕೆ ಇಟ್ಟರು. ಅಲ್ಲಿ ಜಾತಿಯನ್ನು ಕೇಳುವವರಿರಲಿಲ್ಲ. ಅನಾಥ ಬಾಲೆಯರೂ ನಿರ್ಗತಿಕ ಸ್ತ್ರೀಯರೂ ಅಲ್ಲಿ ವಿದ್ಯೆಯನ್ನೂ ಕೈಗಸುಬನ್ನೂ ಕಲಿತರು. ಅನೇಕರು ಉಪಾಧ್ಯಾಯಿನಿಯರಾಗಿ, ದಾದಿಯರಾಗಿ ತಮ್ಮ ಕಾಯಕದ ಅನ್ನವನ್ನು ತಾವೇ ಉಂಡರು. ಭಿಕ್ಷೆಯ ತುತ್ತು ಹಸಿವನ್ನು ಒಂದು ಹೊತ್ತು ಕಳೆಯುತ್ತದೆ; ಕಾಯಕದ ತುತ್ತು ತಲೆಯೆತ್ತಿ ನಡೆಯುವುದನ್ನು ಕಲಿಸುತ್ತದೆ.

ತಂಗಿಯ ಮರಣದ ಕೆಂಡವು ಆರಿರಲಿಲ್ಲ. 1935ರಲ್ಲಿ ಮದರಾಸು ವೈದ್ಯಕೀಯ ಕಾಲೇಜಿನ ಶತಮಾನೋತ್ಸವದ ಸಂದರ್ಭದಲ್ಲಿ ಅವರು ಕ್ಯಾನ್ಸರ್ ರೋಗಕ್ಕಾಗಿಯೇ ಮೀಸಲಾದ ಆಸ್ಪತ್ರೆ ಬೇಕೆಂಬ ಸಂಕಲ್ಪವನ್ನು ಪ್ರಕಟಿಸಿದರು. ಗುಣವಾಗದ ರೋಗಕ್ಕೆ ಹಣ ಸುರಿಯುವುದೇಕೆಂಬ ಭಾವನೆಯು ಅಂದು ಅಧಿಕಾರದಲ್ಲಿದ್ದವರಲ್ಲಿಯೂ ಇತ್ತು. ಮಹಿಳಾ ಸಂಘದ ಮೂಲಕ ನಿಧಿ ಕೂಡಿಸುತ್ತ, ಮನೆಮನೆಗೆ ಕೈಚಾಚುತ್ತ ಅವರು ವರ್ಷಗಳನ್ನು ಸವೆಸಿದರು. 1952ರ ಅಕ್ಟೋಬರಿನಲ್ಲಿ ಪ್ರಧಾನಮಂತ್ರಿ ಜವಾಹರಲಾಲ್ ನೆಹರೂ ಅವರು ಅಡೆಯಾರಿನಲ್ಲಿ ಶಂಕುಸ್ಥಾಪನೆ ಮಾಡಿದರು. 1954ರ ಜೂನ್ 18ರಂದು ಹನ್ನೆರಡು ಹಾಸಿಗೆಗಳ ಸಣ್ಣ ಆಸ್ಪತ್ರೆಯು ಆರಂಭವಾಯಿತು. ತಾಯಿಯ ಸಂಕಲ್ಪಕ್ಕೆ ಪುತ್ರ ಡಾ|| ಕೃಷ್ಣಮೂರ್ತಿಯವರು ಹೆಗಲುಕೊಟ್ಟರು. 1955ರಲ್ಲಿ ಡಾ|| ವಿ. ಶಾಂತಾ ಅವರು ಬಂದು ಸೇರಿ 2021ರಲ್ಲಿ ದೇಹವಿಡುವವರೆಗೂ ಆ ಸಂಸ್ಥೆಗೆ ಬಾಳನ್ನು ಸವೆಸಿದರು. ಅಂದಿನ ಆ ಸಣ್ಣ ಮನೆಯು ಇಂದು ಬಡವಬಲ್ಲಿದರೆನ್ನದೆ ಅಸಂಖ್ಯ ರೋಗಿಗಳಿಗೆ ನೆರಳಾಗಿದೆ.

ಸ್ವತಂತ್ರ ಭಾರತವು 1956ರಲ್ಲಿ ಅವರಿಗೆ ಪದ್ಮಭೂಷಣ ಪ್ರಶಸ್ತಿಯನ್ನು ನೀಡಿತು. 1968ರ ಜುಲೈ 22ರಂದು, ಎಂಬತ್ತೆರಡು ತುಂಬಲು ಎಂಟು ದಿನ ಉಳಿದಿರುವಾಗ, ಅವರು ಇಹಲೋಕವನ್ನು ತ್ಯಜಿಸಿದರು. ಬಡ ಗರ್ಭಿಣಿಯರಿಗೆ ಸಹಾಯಧನ ನೀಡುವ ತಮಿಳುನಾಡು ಸರ್ಕಾರದ ಯೋಜನೆಗೆ ಅವರ ಹೆಸರನ್ನೇ ಇಡಲಾಯಿತು. ಪ್ರಸವದ ಬೇನೆಯಲ್ಲಿರುವ ತಾಯಿಯ ಪಕ್ಕದಲ್ಲಿ ಸೇವೆಯನ್ನಾರಂಭಿಸಿದ ವೈದ್ಯೆಗೆ ಇದಕ್ಕಿಂತ ಒಪ್ಪುವ ಸ್ಮಾರಕವಿಲ್ಲ.

ಅವರು ಹಿಡಿದ ಕೆಲಸ ಪೂರ್ಣವಾಯಿತೆ? ಕರ್ನಾಟಕದಲ್ಲಿ 1982ರಲ್ಲಿ ಹೊಸದಾಗಿ ದೇವದಾಸಿ ನಿಷೇಧ ಶಾಸನವನ್ನು ಮಾಡಬೇಕಾಗಿ ಬಂದುದೇ ಇದಕ್ಕೆ ಉತ್ತರ. ಉತ್ತರದ ಜಿಲ್ಲೆಗಳಲ್ಲಿ ಮುತ್ತು ಕಟ್ಟುವ ರೂಢಿಯು ಶಾಸನದ ಕಣ್ಣು ತಪ್ಪಿಸಿ ಗುಟ್ಟಾಗಿ ಉಳಿದಿತ್ತು. ಬಡತನವೂ ಮೂಢನಂಬಿಕೆಯೂ ಇರುವಲ್ಲಿ ಕಾಯಿದೆಯ ಪುಸ್ತಕವೊಂದೇ ಬಾಲೆಯನ್ನು ಕಾಯಲಾರದು. ಅವಳಿಗೆ ಶಾಲೆ ಬೇಕು, ಅವಳ ತಾಯಿಗೆ ದುಡಿಮೆ ಬೇಕು, ಅವಳ ಹುಟ್ಟನ್ನು ಕೇಳದೆ ಒಳಗೆ ಕರೆಯುವ ಮನೆ ಬೇಕು. ಶಾಸನ ಮಾಡುವ ಅಧಿಕಾರ ಎಲ್ಲರಿಗೂ ಇಲ್ಲ. ಆಸ್ಪತ್ರೆ ಕಟ್ಟುವ ಶಕ್ತಿ ಎಲ್ಲರಿಗೂ ಇಲ್ಲ. ಆದರೆ ಬಾಗಿಲು ಎಲ್ಲ ಗೃಹಸ್ಥರ ಮನೆಗೂ ಇದೆ. ಆಶ್ರಯ ಬೇಡಿ ಬಂದ ಬಾಲೆಗೆ ಮುತ್ತುಲಕ್ಷ್ಮಿಯವರು ಅದನ್ನು ತೆರೆದರು. ಅವರ ಬಾಳಿನ ದೊಡ್ಡ ಕೆಲಸಗಳಲ್ಲಿ ಎಲ್ಲರ ಕೈಗೂ ಎಟುಕುವುದು ಅದೊಂದೇ.